ಏರಿನಲ್ಲಿ ಕಾಲೂರದೆ ಹತ್ತಿ, ಇಳಿಜಾರಿನಲ್ಲಿ ಬೀಳದೆ ಇಳಿಯಿರಿ: ದುರ್ಗದ ಗುಡ್ಡದ ರಸ್ತೆಗಳಿಗೆ ಸೈಕಲ್ ಮಾರ್ಗದರ್ಶಿ

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡದ ಏರಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಹೋಗುವವರನ್ನು ಕೇಳಿದರೆ ‘ಕಾಲಲ್ಲಿ ಕಸುವಿಲ್ಲ’ ಎನ್ನುತ್ತಾರೆ. ಬಹಳಷ್ಟು ಸಲ ತಪ್ಪು ಕಾಲಿನದಲ್ಲ. ಸೈಕಲ್ಲಿನ ಗೇರು ಆ ಏರಿಗೆ ಹೊಂದಿರುವುದಿಲ್ಲ, ಸೀಟು ಎರಡಿಂಚು ಕೆಳಗಿರುತ್ತದೆ, ಮೊದಲ ಅರ್ಧ ಕಿಲೋಮೀಟರಿನಲ್ಲೇ ಉಸಿರೆಲ್ಲ ಖರ್ಚಾಗಿರುತ್ತದೆ. ಏರು ಹತ್ತುವ ಕೆಲಸದ ಮುಕ್ಕಾಲು ಪಾಲು ಮನೆಯ ಅಂಗಳದಲ್ಲೇ ಮುಗಿಯುವಂಥದ್ದು. ಅದನ್ನು ಬಿಟ್ಟು ನೇರ ಗುಡ್ಡಕ್ಕೆ ಹೋದವರು ಮೂರನೆಯ ಸಲವೂ ಅದೇ ತಿರುವಿನಲ್ಲಿ ಕಾಲೂರುತ್ತಾರೆ.

ಹಾಗಾಗಿ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮೊದಲ ನಾಲ್ಕು ಹಂತಗಳು ಮನೆಯಲ್ಲಿ ಮಾಡುವವು. ಒಂದು ಭಾನುವಾರದ ಬೆಳಗ್ಗೆ ಸಾಕು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಜಗಳೂರು, ಚನ್ನಗಿರಿ ಕಡೆಯ ಯಾವ ದಿಬ್ಬದ ರಸ್ತೆಗೂ ಇದೇ ಕ್ರಮ ನಡೆಯುತ್ತದೆ.

## ಹಂತ 1: ನಿಮ್ಮ ಸೈಕಲ್ಲಿನ ಹಲ್ಲು ಎಣಿಸಿ

ಕಾಗದ, ಪೆನ್ನು, ಒಂದು ಚೂರು ಸೀಮೆಸುಣ್ಣ ಸಾಕು. ಪೆಡಲಿಗೆ ಅಂಟಿಕೊಂಡಿರುವ ಚೈನ್ ವೀಲ್‌ಗಳಲ್ಲಿ ಎಲ್ಲಕ್ಕಿಂತ ಚಿಕ್ಕದರ ಹಲ್ಲು ಎಣಿಸಿ. ಎಲ್ಲಿಂದ ಶುರು ಮಾಡಿದಿರಿ ಎಂಬುದಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಹಿಂದಿನ ಫ್ರೀವೀಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡದರ ಹಲ್ಲು ಎಣಿಸಿ. ಮುಂದಿನದನ್ನು ಹಿಂದಿನದರಿಂದ ಭಾಗಿಸಿ. ಉತ್ತರ 1ಕ್ಕಿಂತ ಕಡಿಮೆ ಅಥವಾ 1ರ ಹತ್ತಿರ ಬಂದರೆ ಜೋಗಿಮಟ್ಟಿಯಂಥ ಏರಿಗೆ ಸೈಕಲ್ ತಯಾರಿದೆ. 1.5ರ ಮೇಲಿದ್ದರೆ ಕಡಿದಾದ ಕಡೆ ಇಳಿಯಲೇಬೇಕಾಗುತ್ತದೆ, ನಿಮ್ಮ ಕಾಲು ಎಷ್ಟೇ ಗಟ್ಟಿಯಿರಲಿ.

ಕಾರಣ ಲೆಕ್ಕದಲ್ಲಿದೆ. ಕಡಿದಾದ ಏರಿನಲ್ಲಿ ಹವ್ಯಾಸಕ್ಕೆ ತುಳಿಯುವವರ ವೇಗ ಗಂಟೆಗೆ 7 ಕಿ.ಮೀ. ಆಸುಪಾಸು, ಅಂದರೆ ನಿಮಿಷಕ್ಕೆ ಸುಮಾರು 117 ಮೀಟರ್. ಹಾಲಿನವರ ಹತ್ತಿರ ಇರುವಂಥ ಸಾದಾ ಸೈಕಲ್ಲಿಗೆ ಮುಂದೆ 44, ಹಿಂದೆ 18 ಹಲ್ಲು ಎಂದಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 5.4 ಮೀಟರ್ ಮುಂದೆ ಹೋಗಬೇಕು. 7 ಕಿ.ಮೀ. ವೇಗದಲ್ಲಿ ಪೆಡಲ್ ನಿಮಿಷಕ್ಕೆ 22 ಸುತ್ತು ಮಾತ್ರ ತಿರುಗುತ್ತದೆ. ಒಂದೊಂದು ತುಳಿತಕ್ಕೂ ಮೈಭಾರವನ್ನೆಲ್ಲ ಹಾಕಬೇಕು. ಮೊದಲು ಸೋಲುವುದು ಮಂಡಿ.

26 ಇಂಚಿನ ಚಕ್ರದ ಗೇರ್ ಸೈಕಲ್ಲಿನಲ್ಲಿ ಮುಂದೆ 24, ಹಿಂದೆ 28 ಇದ್ದರೆ ಒಂದು ಸುತ್ತಿಗೆ 1.75 ಮೀಟರ್ ಮಾತ್ರ. ಅದೇ ವೇಗಕ್ಕೆ ನಿಮಿಷಕ್ಕೆ 66 ಸುತ್ತು ಬರುತ್ತದೆ. ಕಾಲು ಹಗುರವಾಗಿ ತಿರುಗುತ್ತದೆ, ದಣಿವು ಮಂಡಿಗಲ್ಲ, ಉಸಿರಿಗೆ ಹೋಗುತ್ತದೆ. ಉಸಿರು ಎರಡು ನಿಮಿಷದಲ್ಲಿ ಮರಳಿ ಬರುತ್ತದೆ, ಮಂಡಿ ಬರುವುದಿಲ್ಲ.

ಅಂಗಡಿಯಲ್ಲಿ ‘7 ಗೇರ್’ ಎಂದು ಮಾರುವ ಕೆಲವು ಸೈಕಲ್ಲುಗಳಿಗೆ ಮುಂದೆ ಒಂದೇ ಚೈನ್ ವೀಲ್ ಇರುತ್ತದೆ. ಅದಕ್ಕೆ 42 ಹಲ್ಲು, ಹಿಂದಿನ ದೊಡ್ಡದಕ್ಕೆ 28 ಆದರೆ ಲೆಕ್ಕ 1.5, ಅದೇ ಏರಿನಲ್ಲಿ ನಿಮಿಷಕ್ಕೆ 38 ಸುತ್ತು. ಕೊಳ್ಳುವಾಗ ಎಷ್ಟು ಗೇರ್ ಎಂದು ಕೇಳಬೇಡಿ, ಹಲ್ಲು ಎಣಿಸಿ ಕೊಳ್ಳಿ.

ಗೇರ್ ಭಾರಿ ಎಂದು ಕಂಡುಬಂದರೆ ಸೈಕಲ್ಲನ್ನೇ ಬದಲಿಸಬೇಕಿಲ್ಲ. 7 ಗೇರಿನ ಫ್ರೀವೀಲ್ ಬಿಚ್ಚಿ 14ರಿಂದ 34 ಹಲ್ಲಿನದನ್ನು ಹಾಕಿಸಬಹುದು. ಮುಂದೆ 28 ಇದ್ದರೆ ಲೆಕ್ಕ 0.82ಕ್ಕೆ ಇಳಿಯುತ್ತದೆ. ಹಾಕಿಸುವ ಮುನ್ನ ಎರಡು ವಿಷಯ ಮೆಕ್ಯಾನಿಕ್ಕಿಗೆ ಬಾಯಿಬಿಟ್ಟು ಹೇಳಿ. ಹಿಂದಿನ ಡಿರೇಲರ್ (ಗೇರ್ ಬದಲಿಸುವಾಗ ಚೈನನ್ನು ಪಕ್ಕಕ್ಕೆ ಸರಿಸುವ ಭಾಗ) 34 ಹಲ್ಲನ್ನು ನಿಭಾಯಿಸುವಂಥದ್ದೇ ಆಗಿರಬೇಕು. ಹಳೆಯ ಚೈನ್ ಗಿಡ್ಡವಾದರೆ ಉದ್ದ ಮಾಡಬೇಕು. ಮುಂದಿನ ದೊಡ್ಡದರಿಂದ ಹಿಂದಿನ ದೊಡ್ಡದಕ್ಕೆ ಚೈನನ್ನು ಡಿರೇಲರ್ ಬಿಟ್ಟು ಸುತ್ತಿ, ಮೇಲೆ ಎರಡು ಕೊಂಡಿ ಹೆಚ್ಚು ಇಡುವುದು ಅಳತೆ. ಇದನ್ನು ನೋಡದೆ ಹಾಕಿದರೆ ಏರಿನ ನಟ್ಟನಡುವೆ ಡಿರೇಲರ್ ಬಾಗಿ ಚಕ್ರದ ಕಡ್ಡಿಯೊಳಗೆ ಸಿಕ್ಕಿಕೊಳ್ಳುತ್ತದೆ.

## ಹಂತ 2: ಸೀಟಿನ ಎತ್ತರ

ಎರಡೂ ಕಾಲು ನೆಲಕ್ಕೆ ಮುಟ್ಟುವ ಹಾಗೆ ಸೀಟು ಇಡುವುದು ನಮ್ಮ ಕಡೆ ಎಲ್ಲರ ಅಭ್ಯಾಸ. ಪೇಟೆಯ ಓಡಾಟಕ್ಕೆ ಸರಿ, ಏರಿಗೆ ಅದು ಮಂಡಿ ಕೊಲ್ಲುವ ಎತ್ತರ.

ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾಗಿ ಚಾಚಿಕೊಳ್ಳಬೇಕು, ಸೊಂಟ ಒಂದು ಕಡೆಗೆ ವಾಲಬಾರದು. ಈಗ ಹಿಮ್ಮಡಿಯ ಬದಲು ಪಾದದ ಮುಂಭಾಗ ಇಟ್ಟರೆ ಮಂಡಿ ಸ್ವಲ್ಪ ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಒಮ್ಮೆಗೇ ಎರಡಿಂಚು ಏರಿಸಿದರೆ ಹೆದರಿಕೆಯಾಗುತ್ತದೆ. ವಾರಕ್ಕೆ ಒಂದು ಸೆಂಟಿಮೀಟರಿನಂತೆ ಏರಿಸಿಕೊಂಡು ಹೋಗಿ. ಸೀಟಿನ ಕೊಳವೆಯ ಮೇಲೆ ಗೆರೆ ಕೊರೆದಿರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಮೇಲಕ್ಕೆ ಎಳೆಯಲೇಬಾರದು, ಕೊಳವೆ ಮುರಿಯುತ್ತದೆ.

ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗು ಅಥವಾ ಗೇರು ಭಾರಿ. ಮಂಡಿಯ ಹಿಂದೆ ಬಂದರೆ ಸೀಟು ಹೆಚ್ಚಾಗಿದೆ.

## ಹಂತ 3: ಬ್ರೇಕು, ಚೈನು, ಡಿರೇಲರ್

ಬೇಕಾದ್ದು 4, 5, 6 ಮಿ.ಮೀ. ಆಲನ್ ಕೀ, ಒಂದು ಪ್ಲಸ್ ಸ್ಕ್ರೂಡ್ರೈವರ್, 15 ಮಿ.ಮೀ. ಸ್ಪ್ಯಾನರ್.

ಬ್ರೇಕ್ ಲಿವರ್ ಅನ್ನು ಬಲವಾಗಿ ಹಿಡಿಯಿರಿ. ಲಿವರ್ ಮತ್ತು ಹ್ಯಾಂಡಲ್ ನಡುವೆ ಎರಡು ಬೆರಳಿನ ಜಾಗ ಉಳಿಯಬೇಕು. ಉಳಿಯದಿದ್ದರೆ ಕೇಬಲ್ ಬಿಗಿ ಮಾಡಿ. ರಿಮ್ ಬ್ರೇಕ್ ಆದರೆ ರಬ್ಬರಿನ ಮೇಲಿನ ಗೆರೆಯಂಥ ತಗ್ಗುಗಳು ಕಾಣುತ್ತಿರಬೇಕು. ಸವೆದು ನುಣ್ಣಗಾಗಿದ್ದರೆ ಬದಲಿಸಿ. ರಬ್ಬರು ರಿಮ್ಮಿನ ಮೇಲೆ ಪೂರ್ತಿ ಕೂರಬೇಕು, ಅಂಚು ಟೈರಿಗೆ ತಾಗುತ್ತಿದ್ದರೆ ಒಂದೇ ಇಳಿಜಾರಿನಲ್ಲಿ ಟೈರನ್ನು ಕೊಯ್ದುಹಾಕುತ್ತದೆ. ಡಿಸ್ಕ್ ಬ್ರೇಕ್ ಆದರೆ ಪ್ಯಾಡಿನ ದಪ್ಪ, ಹಿಂದಿನ ಲೋಹದ ತಗಡು ಬಿಟ್ಟು, 1 ಮಿ.ಮೀ.ಗಿಂತ ಕಡಿಮೆಯಾದರೆ ಹೊಸದು ಹಾಕಿ.

ಇನ್ನೊಂದು ತಪಾಸಣೆಯನ್ನು ಎಲ್ಲರೂ ಬಿಡುತ್ತಾರೆ, ಬಿಟ್ಟಿದ್ದಕ್ಕೆ ದುಬಾರಿ ಬೆಲೆ ತೆರುತ್ತಾರೆ. ಹಿಂದಿನ ಚಕ್ರ ಎತ್ತಿ ಹಿಡಿದು, ಚೈನನ್ನು ಹಿಂದಿನ ಅತಿ ದೊಡ್ಡ ಹಲ್ಲಿಗೆ ತಂದು, ಡಿರೇಲರನ್ನು ಕೈಯಿಂದ ಚಕ್ರದ ಕಡೆಗೆ ಮೆಲ್ಲಗೆ ಒತ್ತಿ. ಅದು ಅಲ್ಲಿಗೇ ನಿಲ್ಲಬೇಕು. ಇನ್ನೂ ಒಳಕ್ಕೆ ಸರಿದು ಕಡ್ಡಿಗೆ ತಾಗಿದರೆ, ಡಿರೇಲರ್ ಮೇಲಿನ ಎರಡು ಸಣ್ಣ ಸ್ಕ್ರೂಗಳಲ್ಲಿ ‘ಎಲ್’ ಅಕ್ಷರದ್ದನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಬೆಟ್ಟದಲ್ಲಿ ಅತಿ ಹಗುರ ಗೇರಿಗೆ ಹಾಕಿದ ಕ್ಷಣವೇ ಚೈನ್ ಕಡ್ಡಿಯೊಳಗೆ ಬೀಳುವುದು ಈ ಸ್ಕ್ರೂ ಸಡಿಲಿದ್ದಾಗ. ಊರೊಳಗೆ ಆ ಗೇರನ್ನು ಯಾರೂ ಹಾಕುವುದಿಲ್ಲವಾದ್ದರಿಂದ ದೋಷ ಅಲ್ಲಿಯವರೆಗೆ ಗೊತ್ತೇ ಆಗಿರುವುದಿಲ್ಲ.

ಚೈನಿಗೆ ಎಣ್ಣೆ ಕೊಂಡಿಗೊಂದು ಹನಿಯಷ್ಟೇ. ಪೆಡಲನ್ನು ಹಿಮ್ಮುಖವಾಗಿ ತಿರುಗಿಸುತ್ತ ಹಾಕಿ, ಹತ್ತು ನಿಮಿಷ ಬಿಟ್ಟು ಹಳೆ ಬಟ್ಟೆಯಿಂದ ಹೊರಗಿನದನ್ನು ಪೂರ್ತಿ ಒರೆಸಿ. ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಬೇಡ. ನಮ್ಮ ಕೆಂಧೂಳು ಅದಕ್ಕೆ ಅಂಟಿ ಅರೆಯುವ ಪೇಸ್ಟಿನಂತಾಗಿ ಹಲ್ಲು ತಿನ್ನುತ್ತದೆ.

## ಹಂತ 4: ಟೈರಿನ ಗಾಳಿ, ಚೀಲದ ಸಾಮಾನು

70 ಕಿಲೋ ತೂಕದವರಿಗೆ 26×1.95 ಟೈರಿನಲ್ಲಿ 35ರಿಂದ 45 ಪಿ.ಎಸ್.ಐ. ಸಾಕು. 29×2.1ಕ್ಕೆ 30ರಿಂದ 35. ಅದಕ್ಕಿಂತ ತೆಳ್ಳಗಿನ 700×35ಕ್ಕೆ 55ರ ಸುಮಾರು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿ. ಅಷ್ಟೇ ಹೊಡೆಸಬೇಕೆಂದು ಅರ್ಥವಲ್ಲ. ಕಲ್ಲಿನಂತೆ ಗಟ್ಟಿ ಮಾಡಿದ ಟೈರು ಗರಸಿನ ಮೇಲೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ತೀರಾ ಕಡಿಮೆಯಾದರೆ ಕಲ್ಲಿಗೆ ಬಡಿದಾಗ ರಿಮ್ಮು ಟ್ಯೂಬನ್ನು ಕಚ್ಚಿ, ಹಾವು ಕಚ್ಚಿದಂತೆ ಜೋಡಿ ತೂತಾಗುತ್ತದೆ. ಪೆಟ್ರೋಲ್ ಬಂಕಿನ ಪೈಪಿನಿಂದ ಸೈಕಲ್ಲಿಗೆ ಹೊಡೆಸಬೇಡಿ, ಕ್ಷಣದಲ್ಲಿ ಮಿತಿ ಮೀರುತ್ತದೆ.

ಚೀಲದಲ್ಲಿ ಇರಬೇಕಾದವು: ನಿಮ್ಮ ಅಳತೆಯ 2 ಟ್ಯೂಬು, ಕೈಪಂಪು, 2 ಟೈರ್ ಲಿವರ್, ಪ್ಯಾಚು, ಸಲ್ಯೂಷನ್, ಉಜ್ಜುಕಾಗದ, ಮುಳ್ಳು ಕೀಳಲು ಚಿಕ್ಕ ಇಕ್ಕಳ, ಆಲನ್ ಕೀ, ಚಕ್ರ ನಟ್ಟಿನದಾದರೆ 15 ಮಿ.ಮೀ. ಸ್ಪ್ಯಾನರ್, ಒಂದು ತುಂಡು ಹತ್ತಿ ಬಟ್ಟೆ. ಪಂಪಿನ ಬಾಯಿ ನಿಮ್ಮ ವಾಲ್ವಿಗೆ ಕೂರುತ್ತದೆಯೇ ಎಂದು ಮನೆಯಲ್ಲೇ ನೋಡಿ. ಪಂಪು ಇದ್ದೂ ಗಾಳಿ ಹಾಕಲಾಗದೆ ಜೋಗಿಮಟ್ಟಿಯಿಂದ ಪೇಟೆಯವರೆಗೆ ನಡೆಯುವುದು ಯಾರಿಗೂ ಬೇಡ.

## ಹಂತ 5: ಹೊತ್ತು, ದಾರಿ, ಗಾಳಿ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚಿನಿಂದ ಮೇವರೆಗೆ ಬೆಳಕಾಗುತ್ತಲೇ ಹೊರಟು ಒಂಬತ್ತಕ್ಕೆ ಮರಳಿ ಬಂದಿರಿ. ಇಲ್ಲಿನ ಬಂಡೆ ಹತ್ತು ಗಂಟೆಗೆಲ್ಲ ಕಾದು, ಬಿಸಿಲು ಮೇಲಿಂದಲೂ ಪಕ್ಕದಿಂದಲೂ ಸುಡುತ್ತದೆ.

ಜೂನಿನಿಂದ ಆಗಸ್ಟ್ ತನಕ ಮಳೆಗಿಂತ ಗಾಳಿಯೇ ದೊಡ್ಡ ತೊಡಕು. ಪಡುವಣ ದಿಕ್ಕಿನಿಂದ ಬೀಸುವ ಈ ಗಾಳಿಯನ್ನು ನಂಬಿಯೇ ದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ನಿಂತಿರುವುದು. ಅವನ್ನೇ ದಿಕ್ಸೂಚಿ ಮಾಡಿಕೊಳ್ಳಿ: ಫ್ಯಾನಿನ ಮುಖ ಯಾವ ಕಡೆಗಿದೆಯೋ ಗಾಳಿ ಬರುತ್ತಿರುವುದು ಆ ಕಡೆಯಿಂದ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಇರುವ ದಾರಿ ಆರಿಸಿ. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆಗೆ ಹೋದರೆ ಈ ತಿಂಗಳುಗಳಲ್ಲಿ ಹಾಗಾಗುತ್ತದೆ. ಹಿರಿಯೂರು ಕಡೆಗೆ ಹಾಯಾಗಿ ತೇಲಿಕೊಂಡು ಹೋದವರಿಗೆ ಮರಳುವಾಗ ಸಪಾಟು ರಸ್ತೆಯೂ ಏರಾಗುತ್ತದೆ.

ದಾವಣಗೆರೆ–ಚಿತ್ರದುರ್ಗ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಹೋಗಬೇಡಿ. ಹಳ್ಳಿಗಳ ಒಳರಸ್ತೆ ಹಿಡಿಯಿರಿ. ದಾರಿಯಲ್ಲಿ ಹಿರಿಯರನ್ನು ಕೇಳುವಾಗ ‘ಎಷ್ಟು ದೂರ ಐತಜ್ಜ?’ ಎಂದರೆ ‘ಇಲ್ಲೇ ಐತಿ’ ಎಂಬ ಉತ್ತರ ಬರುತ್ತದೆ. ‘ನಡುವೆ ಎಷ್ಟು ದಿಬ್ಬ ಐದಾವಜ್ಜ? ಎತ್ತಿನಗಾಡಿ ಹತ್ತತಾವಾ?’ ಎಂದು ಕೇಳಿ. ಗಾಡಿ ಹೊಡೆದವರು ಒಂದೊಂದು ಏರಿನ ಗುಣವನ್ನೂ ಬಿಡಿಸಿ ಹೇಳುತ್ತಾರೆ.

ಜೋಗಿಮಟ್ಟಿ ವನ್ಯಜೀವಿ ಧಾಮ. ಕರಡಿ, ಚಿರತೆ ಇರುವ ಕಾಡು. ಅರಣ್ಯ ಇಲಾಖೆಯ ಗೇಟಿನಲ್ಲಿ ಕೇಳಿಯೇ ಒಳಗೆ ಹೋಗಬೇಕು. ಸೈಕಲ್ ಬಿಡುತ್ತಾರೆಯೇ, ಎಷ್ಟು ಹೊತ್ತಿಗೆ ತೆರೆದು ಮುಚ್ಚುತ್ತಾರೆ ಎಂದು ಹಿಂದಿನ ದಿನವೇ ವಿಚಾರಿಸಿ. ನಸುಗತ್ತಲಲ್ಲಿ, ಮುಸ್ಸಂಜೆಯಲ್ಲಿ ಅಲ್ಲಿರಬೇಡಿ. ಕರಡಿ ಓಡಾಡುವ ಹೊತ್ತು ಅದೇ. ಸದ್ದಿಲ್ಲದೆ ಬರುವ ಸೈಕಲ್ ತಿರುವಿನಲ್ಲಿ ಅದರ ಎದುರಿಗೇ ನಿಲ್ಲಬಹುದು. ಕುರುಡು ತಿರುವುಗಳಲ್ಲಿ ಗಂಟೆ ಬಾರಿಸಿ, ಒಬ್ಬರೇ ಹೋಗಬೇಡಿ.

## ಹಂತ 6: ಚಿಕ್ಕ ಏರಿನಲ್ಲಿ ನಾಲ್ಕು ವಾರ

ಮೊದಲ ದಿನವೇ ದೊಡ್ಡ ಗುಡ್ಡ ಬೇಡ. ನಿಮ್ಮೂರಿನ ಹತ್ತಿರ 400–500 ಮೀಟರ್ ಉದ್ದದ, ವಾಹನ ಕಡಿಮೆ ಇರುವ ಒಂದು ಏರು ಹುಡುಕಿ. ಎಷ್ಟು ಕಡಿದು ಎಂದು ತಿಳಿಯಲು ಮೊಬೈಲಿನ ಮಟ್ಟಗೋಲು ಆ್ಯಪ್ ತೆರೆದು, ಒಂದು ಮೀಟರಿನ ನೇರ ಹಲಗೆಯನ್ನು ರಸ್ತೆಗೆ ಅಡ್ಡವಲ್ಲ, ಉದ್ದಕ್ಕೆ ಇಟ್ಟು ಅದರ ಮೇಲೆ ಮೊಬೈಲ್ ಇಡಿ. 3 ಡಿಗ್ರಿ ತೋರಿಸಿದರೆ ಶೇ 5ರ ಏರು, 5 ಡಿಗ್ರಿಯಾದರೆ ಶೇ 9ರ ಹತ್ತಿರ, 6 ಆದರೆ ಶೇ 10 ದಾಟಿತು. ಶೇ 5 ಅಂದರೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 5 ಮೀಟರ್ ಮೇಲೇರುವುದು.

ಮೊದಲ ವಾರ ಶೇ 4–5ರ ಏರನ್ನು ಎರಡು ದಿನ, ದಿನಕ್ಕೆ ಮೂರು ಸಲ ಹತ್ತಿ. ಮೇಲೆ ನಿಂತು ಉಸಿರು ಸರಿಹೋದ ಮೇಲೆ ಇಳಿಯಿರಿ. ಪ್ರತಿ ವಾರ ಒಂದು ಸಲ ಹೆಚ್ಚಿಸಿ. ಮೂರನೆಯ ವಾರದಿಂದ ಇನ್ನೊಂದಿಷ್ಟು ಕಡಿದಾದ ಏರು ಆರಿಸಿ. ಸತತ ಎರಡು ದಿನ ಏರು ಹತ್ತಬೇಡಿ. ನಾಲ್ಕನೆಯ ವಾರದ ಕೊನೆಗೆ ಆರು ಸಲ ಹತ್ತಿದ ಮೇಲೂ ಮಾತಾಡಲು ಆಗುತ್ತಿದ್ದರೆ ಜೋಗಿಮಟ್ಟಿಗೆ ಹೋಗಬಹುದು.

## ಹಂತ 7: ಏರು ಹತ್ತುವ ಕ್ರಮ

ಹೊರಡುವ ಒಂದೂವರೆ ಗಂಟೆ ಮೊದಲು ಎರಡು–ಮೂರು ಇಡ್ಲಿ ಅಥವಾ ಒಂದು ರೊಟ್ಟಿ ತಿನ್ನಿ. ಬೆಣ್ಣೆದೋಸೆ ಇಳಿದು ಬಂದ ಮೇಲೆ. ಬೆಣ್ಣೆ ಹೊಟ್ಟೆಯಲ್ಲಿಟ್ಟುಕೊಂಡು ಏರಿದರೆ ಅರ್ಧ ದಾರಿಯಲ್ಲೇ ಹೊಟ್ಟೆ ತೊಳಸುತ್ತದೆ.

1. ಏರು ಶುರುವಾಗಲು 20–30 ಮೀಟರ್ ಇರುವಾಗಲೇ ಗೇರ್ ಇಳಿಸಿ. ಮೊದಲು ಮುಂದಿನದು ಚಿಕ್ಕದಕ್ಕೆ, ಆಮೇಲೆ ಹಿಂದಿನದು ಒಂದೊಂದಾಗಿ ದೊಡ್ಡದಕ್ಕೆ. ಏರಿನ ಮೇಲೆ ಭಾರ ಹಾಕಿ ತುಳಿಯುತ್ತ ಬದಲಿಸಿದರೆ ‘ಕಟಕಟ’ ಎಂದು ಚೈನ್ ಜಾರುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ತಡವಾಗಿ ನೆನಪಾದರೆ ಎರಡು ಸುತ್ತು ಜೋರಾಗಿ ತುಳಿದು, ಮೂರನೆಯದರಲ್ಲಿ ಕಾಲು ಹಗುರ ಮಾಡಿ ಆಗ ಬದಲಿಸಿ.

2. ಮೊದಲ ಮೂರನೇ ಒಂದು ಭಾಗವನ್ನು ನಿಮಗೇ ಬೇಸರ ಬರುವಷ್ಟು ನಿಧಾನವಾಗಿ ಹತ್ತಿ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಬುಡದಲ್ಲಿ ಕಾಲು ಹೊಸದಾಗಿರುತ್ತದೆ, ಜೊತೆಯವರು ಮುಂದೆ ಹೋಗುತ್ತಿರುತ್ತಾರೆ, ವೇಗ ತಾನಾಗಿ ಹೆಚ್ಚುತ್ತದೆ. ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ನಡುವೆ ಉಸಿರೆಳೆದುಕೊಂಡು ಮೂರು ಮೂರು ಪದ ಹೇಳುವಂತಾದರೆ ವೇಗ ಹೆಚ್ಚಾಗಿದೆ, ಇಳಿಸಿ.

3. ಪೆಡಲ್ ನಿಮಿಷಕ್ಕೆ 60–70 ಸುತ್ತು ತಿರುಗುತ್ತಿರಲಿ. ಬಲಗಾಲು ಕೆಳಗೆ ಬಂದಾಗಲೆಲ್ಲ ಎಣಿಸಿ; ಹದಿನೈದು ಸೆಕೆಂಡಿಗೆ 15ರಿಂದ 17 ಬರಬೇಕು. 10ಕ್ಕೆ ಇಳಿದರೆ ಗೇರ್ ಇಳಿಸಿ.

4. ಕೂತೇ ಹತ್ತಿ. ಎದ್ದು ನಿಂತು ತುಳಿಯುವುದನ್ನು ಹತ್ತಿಪ್ಪತ್ತು ಸೆಕೆಂಡಿಗೆ, ಬೆನ್ನು ಸಡಿಲಿಸಲು ಮಾತ್ರ ಇಟ್ಟುಕೊಳ್ಳಿ. ಗರಸಿನ ಮೇಲೆ ಎದ್ದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ನಿಂತಲ್ಲೇ ತಿರುಗುತ್ತದೆ. ತೀರಾ ಕಡಿದಾದ ಕಡೆ ಮುಂದಿನ ಚಕ್ರ ಮೇಲೇಳುವಂತಾದರೆ ಸೀಟಿನ ಮೂತಿಗೆ ಸರಿದು, ಎದೆ ಬಗ್ಗಿಸಿ, ಮೊಣಕೈಯನ್ನು ಕೆಳಮುಖ ಮಾಡಿ. ಹ್ಯಾಂಡಲನ್ನು ಹಿಂಡಬೇಡಿ; ಬೆರಳಲ್ಲಿ ಹೋದ ಶಕ್ತಿ ಕಾಲಿಗೆ ಸಿಗುವುದಿಲ್ಲ.

5. ತಿರುವಿನ ಒಳಅಂಚು ಹೊರಅಂಚಿಗಿಂತ ಕಡಿದು. ರಸ್ತೆ ಬಲಕ್ಕೆ ತಿರುಗುವಾಗ ಎಡಬದಿಯ ನಿಮಗೆ ಹೊರಅಂಚು ತಾನಾಗಿ ಸಿಗುತ್ತದೆ, ಅಲ್ಲಿ ಉಸಿರು ತೆಗೆದುಕೊಳ್ಳಿ. ಎಡಕ್ಕೆ ತಿರುಗುವಲ್ಲಿ ಒಳಅಂಚು ಬರುತ್ತದೆ. ಅಂಥ ತಿರುವಿಗೆ ಹತ್ತು ಮೀಟರ್ ಮೊದಲೇ ಇನ್ನೊಂದು ಗೇರ್ ಇಳಿಸಿ. ಒಂದೇ ಕಡೆ ಎಲ್ಲರೂ ಕಾಲೂರುವುದು ಎಡ ತಿರುವಿನಲ್ಲೇ, ಈ ಕಾರಣಕ್ಕೇ. ರಸ್ತೆಯ ಅಗಲಕ್ಕೆ ಹಾವಿನಂತೆ ಹೊರಳುತ್ತ ಹತ್ತುವುದನ್ನು ತಿರುವಿನಲ್ಲಿ ಮಾಡಲೇಬೇಡಿ, ಮೇಲಿಂದ ಬರುವ ವಾಹನಕ್ಕೆ ನೀವು ಕಾಣುವುದಿಲ್ಲ.

6. ಕಾಲೂರಿಬಿಟ್ಟರೆ ಮತ್ತೆ ಹೊರಡುವುದಕ್ಕೂ ಒಂದು ವಿಧಾನವಿದೆ. ಎರಡೂ ಬ್ರೇಕ್ ಹಿಡಿದು, ಅತಿ ಹಗುರ ಗೇರಿನಲ್ಲಿ, ಒಂದು ಪೆಡಲನ್ನು ಗಡಿಯಾರದ ಎರಡು ಗಂಟೆಯ ಜಾಗಕ್ಕೆ ತಂದು, ಹಿಂದೆ ಮುಂದೆ ವಾಹನವಿಲ್ಲವೆಂದು ನೋಡಿ, ಸೈಕಲ್ಲನ್ನು ರಸ್ತೆಗೆ ಓರೆಯಾಗಿ ತಿರುಗಿಸಿ. ಆ ಪೆಡಲನ್ನು ತುಳಿದ ಕ್ಷಣವೇ ಬ್ರೇಕ್ ಬಿಟ್ಟು ಸೀಟಿನ ಮೇಲೆ ಕೂರಿ.

ನೀರು ಗಂಟೆಗೆ 500ರಿಂದ 750 ಮಿ.ಲೀ., ಹದಿನೈದು ನಿಮಿಷಕ್ಕೊಮ್ಮೆ ಗುಟುಕು ಗುಟುಕಾಗಿ. ಎರಡು ಗಂಟೆಗಿಂತ ಹೆಚ್ಚಿನ ಸವಾರಿಯಾದರೆ ಒಂದು ಬಾಟಲಿಗೆ ಒ.ಆರ್.ಎಸ್. ಕಲಸಿ, ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟಕ್ಕೇ. ಮುಕ್ಕಾಲು ಗಂಟೆಗೊಮ್ಮೆ ಒಂದು ಬಾಳೆಹಣ್ಣು ಅಥವಾ ಒಂದು ಶೇಂಗಾ ಚಿಕ್ಕಿ. ಹಸಿವಾದ ಮೇಲೆ ತಿಂದರೆ ತಡ.

## ಹಂತ 8: ಇಳಿಯುವುದು

ಹತ್ತುವಾಗ ಸೋತರೆ ನಡೆದು ಹೋಗಬಹುದು. ಇಳಿಯುವಾಗ ತಪ್ಪಿದರೆ ಬಂಡೆ, ಕಂದಕ. ಆದರೂ ಎಲ್ಲರ ಗಮನ ಏರಿನ ಮೇಲೆಯೇ.

ಬ್ರೇಕಿನ ಮೇಲೆ ಬೀಳುವ ಹೊರೆ ಎಷ್ಟೆಂದು ನೋಡಿ. ಸೈಕಲ್ ಸೇರಿ 85 ಕಿಲೋ ತೂಕ 300 ಮೀಟರ್ ಎತ್ತರದಿಂದ ಇಳಿದರೆ ಹೊರಬರುವ ಶಕ್ತಿಯಿಂದ ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದು ಪಾಲನ್ನು ಗಾಳಿ ತಿನ್ನುತ್ತದೆ. ಮಿಕ್ಕಿದ್ದೆಲ್ಲ ಅಂಗೈ ಅಗಲದ ಡಿಸ್ಕಿಗೆ ಅಥವಾ ರಿಮ್ಮಿಗೆ ಶಾಖವಾಗಿ ಇಳಿಯುತ್ತದೆ. ಉದ್ದಕ್ಕೂ ಬ್ರೇಕನ್ನು ಸ್ವಲ್ಪವೇ ಹಿಡಿದುಕೊಂಡು ಇಳಿಯುವವರ ರಿಮ್ಮು ಕಾದು, ಪ್ಯಾಚಿನ ಅಂಟು ಬಿಟ್ಟು, ತಿರುವಿನಲ್ಲೇ ಟ್ಯೂಬು ಸಿಡಿಯುವುದು ಹೀಗೆ.

ಮೇಲೆ ನಿಂತಲ್ಲೇ ಎರಡೂ ಬ್ರೇಕ್ ಒತ್ತಿ ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ. ಯಾವ ಲಿವರ್ ಯಾವ ಚಕ್ರದ್ದೆಂದು ಖಚಿತ ಮಾಡಿಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನದು, ಬಾಡಿಗೆ ಸೈಕಲ್ಲಿನಲ್ಲಿ ಅದಲುಬದಲಾಗಿರಬಹುದು. ಎರಡೂ ಪೆಡಲ್ ಸಮಮಟ್ಟದಲ್ಲಿರಲಿ, ಸೊಂಟ ಸೀಟಿನ ಹಿಂಭಾಗಕ್ಕೆ ಸರಿದಿರಲಿ, ಒಂದೋ ಎರಡೋ ಬೆರಳು ಸದಾ ಲಿವರ್ ಮೇಲಿರಲಿ.

ವೇಗ ಏರಿದಾಗ ಎರಡೂ ಬ್ರೇಕನ್ನು ಒಟ್ಟಿಗೆ ಗಟ್ಟಿಯಾಗಿ ಎರಡು–ಮೂರು ಸೆಕೆಂಡ್ ಹಿಡಿದು ಇಳಿಸಿ, ಪೂರ್ತಿ ಬಿಡಿ. ಬಿಟ್ಟಾಗ ಗಾಳಿಗೆ ತಣ್ಣಗಾಗುತ್ತದೆ. ಮತ್ತೆ ಹಿಡಿಯಿರಿ, ಬಿಡಿ. ತಿರುವಿಗೆ ಮೊದಲು, ಸೈಕಲ್ ನೇರವಿರುವಾಗಲೇ ವೇಗ ಇಳಿಸಿ ಮುಗಿಸಬೇಕು. ತಿರುವಿನೊಳಗೆ ಹೊರಗಿನ ಕಾಲಿನ ಪೆಡಲ್ ಕೆಳಗಿರಲಿ, ಕಣ್ಣು ತಿರುವಿನ ಆಚೆ ತುದಿಯ ಮೇಲಿರಲಿ. ಮರಳು, ಜಲ್ಲಿ ಕೂಡುವುದು ತಿರುವಿನ ಅಂಚಿನಲ್ಲೇ. ಅಲ್ಲಿ ಮುಂದಿನ ಬ್ರೇಕ್ ಮುಟ್ಟಿದರೆ ಚಕ್ರ ಜಾರಿ ಭುಜ ನೆಲಕ್ಕೆ ಬೀಳುತ್ತದೆ.

ವೇಗಕ್ಕೆ ಮಿತಿ ಹಾಕಿಕೊಳ್ಳಿ. ಶೇ 8ರ ಇಳಿಜಾರಿನ ಒಣ ಟಾರಿನ ಮೇಲೆ 20 ಕಿ.ಮೀ. ವೇಗದಲ್ಲಿದ್ದವರು ಅಡ್ಡ ಬಂದ ದನ ಕಂಡು ನಿಲ್ಲಲು ಸುಮಾರು 10 ಮೀಟರ್ ಸಾಕು. 40ರಲ್ಲಿದ್ದರೆ 30 ಮೀಟರ್ ಬೇಕು. ಎಷ್ಟು ದೂರ ಕಾಣುತ್ತದೋ ಅದರೊಳಗೆ ನಿಲ್ಲಲಾಗುವ ವೇಗವೇ ನಿಮ್ಮ ವೇಗ.

ಲಿವರ್ ಹ್ಯಾಂಡಲಿನ ಕಡೆಗೆ ಇಳಿಯುತ್ತಾ ಬಂದರೆ, ಸುಟ್ಟ ವಾಸನೆ ಬಂದರೆ, ಮೊದಲು ಇಲ್ಲದ ಕೀರಲು ಸದ್ದು ಶುರುವಾದರೆ ತಕ್ಷಣ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಡಿಸ್ಕನ್ನು ಬೆರಳಿಂದ ಮುಟ್ಟಬೇಡಿ, ಬೊಬ್ಬೆ ಏಳುತ್ತದೆ; ಬೇಗ ಆರಲಿ ಎಂದು ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ವೇಗದಲ್ಲಿ ಹ್ಯಾಂಡಲ್ ನಡುಗತೊಡಗಿದರೆ ಅದನ್ನು ಬಿಗಿ ಹಿಡಿಯಬೇಡಿ. ಎರಡೂ ಮಂಡಿಯಿಂದ ಫ್ರೇಮನ್ನು ಒತ್ತಿ ಹಿಡಿದು ಮೆಲ್ಲಗೆ ಬ್ರೇಕ್ ಹಾಕಿ.

## ಹಂತ 9: ಒಕ್ಕಣೆ, ಎರೆ, ಕುರಿ, ನಾಯಿ

ಸುಗ್ಗಿಯ ತಿಂಗಳುಗಳಲ್ಲಿ ಹಳ್ಳಿರಸ್ತೆಯ ಮೇಲೆ ಮೆಕ್ಕೆಜೋಳ, ರಾಗಿ, ಹುರುಳಿ ಹರಡಿರುತ್ತಾರೆ. ಒಣಗಿದ ಮೆಕ್ಕೆಜೋಳದ ಕಾಳು ಟಾರಿನ ಮೇಲೆ ಬೇರಿಂಗ್ ಗುಂಡಿನಂತೆ ಉರುಳುತ್ತದೆ. ಅದರ ಮೇಲೆ ಬಂದುಬಿಟ್ಟರೆ ಹ್ಯಾಂಡಲ್ ನೇರ, ಬ್ರೇಕ್ ಇಲ್ಲ, ಪೆಡಲ್ ಇಲ್ಲ, ಹಾಗೇ ಸಾಗಿ ಹೋಗಿ. ಅದಕ್ಕಿಂತ ಅಪಾಯ ರಾಶಿಯ ಸುತ್ತ ಕಾವಲಿಗೆ ಇಟ್ಟ ಕಲ್ಲುಗಳದ್ದು. ರಾಶಿ ಎತ್ತಿಕೊಂಡು ಹೋದ ಮೇಲೂ ಕೆಲವು ಅಲ್ಲೇ ಉಳಿದಿರುತ್ತವೆ, ಮುಂಜಾವಿನ ಮಬ್ಬಿನಲ್ಲಿ ಟಾರಿನ ಬಣ್ಣಕ್ಕೇ ಕಾಣುತ್ತವೆ. ರಾಶಿಯ ಮೇಲೆ ಸೈಕಲ್ ಹಾಯಿಸಬೇಡಿ, ಅದು ಒಬ್ಬರ ಇಡೀ ಬೆಳೆ.

ತುರುವನೂರು ಕಡೆಯ ಎರೆ ನೆಲದ ಬಂಡಿದಾರಿಗೆ ಮಳೆ ಬಿದ್ದ ದಿನ ಇಳಿಯಬೇಡಿ. ಹತ್ತು ಮಾರು ಹೋಗುವಷ್ಟರಲ್ಲಿ ಮಣ್ಣು ಚಕ್ರಕ್ಕೂ ಬ್ರೇಕಿಗೂ ನಡುವೆ ಮೆತ್ತಿ ಚಕ್ರ ತಿರುಗದಂತಾಗುತ್ತದೆ. ಬಲವಂತವಾಗಿ ತುಳಿದರೆ ಡಿರೇಲರ್ ಮುರಿಯುತ್ತದೆ. ಇಳಿದು, ಕಡ್ಡಿಯಿಂದ ಕೆರೆದು, ಎತ್ತಿಕೊಂಡು ಟಾರಿಗೆ ಬನ್ನಿ. ಗರಸು ನೆಲ ಮಳೆ ನಿಂತ ಕೆಲವೇ ಗಂಟೆಗೆ ಓಡಾಟಕ್ಕೆ ಬರುತ್ತದೆ.

ಕುರಿಹಿಂಡು ಎದುರಾದರೆ ನಿಂತುಬಿಡಿ. ‘ಅಣ್ಣಾ, ಸ್ವಲ್ಪ ದಾರಿ ಮಾಡಣ್ಣ’ ಎಂದರೆ ಕುರಿಗಾಹಿ ಒಂದು ಸಿಳ್ಳೆಗೆ ಬದಿ ಮಾಡಿಕೊಡುತ್ತಾನೆ. ಹಿಂಡಿನ ನಾಯಿ ಓಡುವುದನ್ನು ಅಟ್ಟುತ್ತದೆ. ವೇಗವಾಗಿ ತುಳಿಯದೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ.

## ಹಂತ 10: ಮುಳ್ಳು ಮತ್ತು ಪಂಕ್ಚರ್

ನಮ್ಮ ಸೀಮೆಯಲ್ಲಿ ಪಂಕ್ಚರಿಗೆ ಮೊಳೆಗಿಂತ ಬಳ್ಳಾರಿ ಜಾಲಿ ಹೆಚ್ಚು ಕಾರಣ. ಬೇಲಿಗೆಂದು ಕಡಿದ ಜಾಲಿಯನ್ನು ರಸ್ತೆಗೆ ಅಡ್ಡಲಾಗಿ ಎಳೆದ ಕಡೆಯೆಲ್ಲ ಮುಳ್ಳು ಉದುರಿರುತ್ತದೆ. ನೆಗ್ಗಿಲು ರಸ್ತೆಯ ಅಂಚಿಗೆ ಹಬ್ಬಿ, ಮಳೆಗಾಲ ಕಳೆದ ಮೇಲೆ ಅದರ ಕಾಯಿ ಒಣಗಿ, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕಿರುವಂತೆ ಕೂತಿರುತ್ತದೆ. ಹಾಗಾಗಿ ಟಾರಿನ ಅಂಚು ಬಿಟ್ಟು ಮಣ್ಣಿಗೆ ಇಳಿಯಬೇಡಿ, ಊಟಕ್ಕೆ ನಿಲ್ಲಿಸುವಾಗಲೂ ಸೈಕಲ್ಲನ್ನು ಎತ್ತಿ ಇಡಿ.

ಎಲ್ಲರೂ ಎಡವುವುದು ಇಲ್ಲಿ: ಹೊಸ ಟ್ಯೂಬು ಹಾಕುತ್ತಾರೆ, ಐದು ನಿಮಿಷಕ್ಕೆ ಅದೂ ಇಳಿಯುತ್ತದೆ. ಹಳೆಯ ಮುಳ್ಳಿನ ತುದಿ ಟೈರಿನಲ್ಲೇ ಮುರಿದು ಉಳಿದಿರುತ್ತದೆ. ಕ್ರಮ ಹೀಗಿರಲಿ. ಟ್ಯೂಬು ತೆಗೆಯುವ ಮುನ್ನ ವಾಲ್ವಿನ ನೇರಕ್ಕೆ ಟೈರಿನ ಮೇಲೆ ಗುರುತು ಮಾಡಿ. ಟ್ಯೂಬಿಗೆ ಗಾಳಿ ತುಂಬಿ, ಕೆನ್ನೆಯ ಹತ್ತಿರ ಹಿಡಿದು ತೂತು ಹುಡುಕಿ. ವಾಲ್ವಿನಿಂದ ಅದು ಎಷ್ಟು ದೂರವಿದೆಯೋ ಟೈರಿನಲ್ಲೂ ಅಷ್ಟೇ ದೂರದಲ್ಲಿ, ವಾಲ್ವಿನ ಎರಡೂ ಪಕ್ಕ ನೋಡಿ. ಆಮೇಲೆ ಹತ್ತಿ ಬಟ್ಟೆಯನ್ನು ಟೈರಿನ ಒಳಮೈಗೆ ಒತ್ತಿ ಒಂದು ಸುತ್ತು ಎಳೆಯಿರಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಬರಿ ಬೆರಳು ಆಡಿಸಬೇಡಿ. ಇಕ್ಕಳದಿಂದ ಕೀಳಿ, ಹೊರಮೈಯನ್ನೂ ಪೂರ್ತಿ ನೋಡಿ. ಒಂದು ಮುಳ್ಳು ಸಿಕ್ಕಿತೆಂದು ನಿಲ್ಲಿಸಬೇಡಿ, ಜಾಲಿ ಒಂಟಿಯಾಗಿ ಬರುವುದಿಲ್ಲ.

ಪ್ಯಾಚ್ ಹಾಕುವಾಗ ಉಜ್ಜಿ, ಒರೆಸಿ, ಸಲ್ಯೂಷನ್ ತೆಳ್ಳಗೆ ಹಚ್ಚಿ 3ರಿಂದ 5 ನಿಮಿಷ ಕಾಯಿರಿ. ಹೊಳಪು ಹೋಗಿ ಮುಟ್ಟಿದರೆ ಅಂಟದ ಹಾಗೆ ಆದ ಮೇಲೆ ಪ್ಯಾಚ್ ಒತ್ತಿ. ಹಸಿ ಇರುವಾಗಲೇ ಒತ್ತಿದ ಪ್ಯಾಚು ಇಳಿಜಾರಿನ ಶಾಖಕ್ಕೆ ಎದ್ದುಬರುತ್ತದೆ.

ಪದೇ ಪದೇ ಪಂಕ್ಚರ್ ಆಗುವವರು ಟ್ಯೂಬಿನೊಳಗೆ ಸೀಲಂಟ್ (ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ) ಹಾಕಿಸಿಕೊಳ್ಳಬಹುದು. ಹಳೆ ಟ್ಯೂಬು ಸೀಳಿ ಟೈರಿನೊಳಗೆ ಪಟ್ಟಿಯಾಗಿ ಹಾಸುವುದೂ ಸ್ವಲ್ಪ ತಡೆಯುತ್ತದೆ, ಆದರೆ ಪಟ್ಟಿಯ ತುದಿಗಳು ಒಂದರ ಮೇಲೊಂದು ಬಂದರೆ ಅವೇ ಹೊಸ ಟ್ಯೂಬನ್ನು ಉಜ್ಜಿ ತೂತು ಮಾಡುತ್ತವೆ.

## ಹಂತ 11: ಮೈ ಕೊಡುವ ಎಚ್ಚರಿಕೆ

ಬಿಸಿಲಲ್ಲಿ ಬೆವರು ಹಠಾತ್ತನೆ ನಿಂತರೆ, ಮೈ ನವಿರೆದ್ದು ಚಳಿಯಾದಂತಾದರೆ, ತಲೆನೋವು, ವಾಕರಿಕೆ, ಮಾತು ತೊದಲುವುದು ಕಂಡರೆ ಅಲ್ಲೇ ನೆರಳಿಗೆ ಬನ್ನಿ. ಕತ್ತು, ಕಂಕುಳಿಗೆ ನೀರು ಹಾಕಿ ಗಾಳಿ ಬೀಸಿ. ಜೊತೆಯವರು ಗೊಂದಲದಿಂದ ಮಾತಾಡುತ್ತಿದ್ದರೆ ‘ಸ್ವಲ್ಪ ಸುಧಾರಿಸಿಕೊಳ್ಳಲಿ’ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಎದೆ ಹಿಂಡಿದಂತಾಗಿ ತೋಳಿಗೋ ದವಡೆಗೋ ನೋವು ಹಬ್ಬಿದರೆ ಕೂಡ ಹಾಗೇ. ಅದನ್ನು ಗ್ಯಾಸು ಎಂದುಕೊಂಡು ಏರು ಮುಂದುವರಿಸಬೇಡಿ. ಗುಡ್ಡದ ಮಗ್ಗುಲಲ್ಲಿ ನೆಟ್‌ವರ್ಕ್ ಸಿಗದ ಜಾಗಗಳಿವೆ, ಆದ್ದರಿಂದ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯಲ್ಲಿ ಹೇಳಿಯೇ ಹೊರಡಿ. ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಹಂತ 6ಕ್ಕೆ ಮೊದಲೇ ವೈದ್ಯರಿಗೆ ತೋರಿಸಿ.

## ಹಂತ 12: ಮರಳಿದ ಮೇಲೆ

ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ. ಈಗ ಬೆಣ್ಣೆದೋಸೆಗೆ ಅಡ್ಡಿಯಿಲ್ಲ. ಚೈನನ್ನು ಒಣಬಟ್ಟೆಯಿಂದ ಒರೆಸಿ. ರಿಮ್ಮನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬ್ರೇಕ್ ರಬ್ಬರಿನಲ್ಲಿ ಹೊಕ್ಕ ಮರಳಿನ ಕಾಳನ್ನು ಪಿನ್ನಿನಿಂದ ತೆಗೆಯಿರಿ. ಕೊನೆಗೆ ಎರಡೂ ಚಕ್ರಗಳನ್ನು ಬೆಳಕಿನಲ್ಲಿ ನಿಧಾನ ತಿರುಗಿಸುತ್ತ ಟೈರಿಗೆ ಚುಚ್ಚಿಕೊಂಡ ಮುಳ್ಳುಗಳನ್ನೆಲ್ಲ ಕೀಳಿ. ಇನ್ನೂ ಟ್ಯೂಬು ಮುಟ್ಟದ ಮುಳ್ಳು ಮುಂದಿನ ಸವಾರಿಯಲ್ಲಿ ಒಳಕ್ಕೆ ಇಳಿಯುತ್ತದೆ. ಕಿತ್ತ ಮೇಲೆ ಗಾಳಿ ಬಿಟ್ಟರೆ ಬಿಡಲಿ, ಮನೆಯಲ್ಲೇ ಪ್ಯಾಚ್ ಹಾಕಿಕೊಳ್ಳಬಹುದು. ಬೆಳಗ್ಗೆ ಎದ್ದು ಇನ್ನೊಮ್ಮೆ ಗಾಳಿ ಒತ್ತಿ ನೋಡಿ. ಸಣ್ಣ ತೂತು ರಾತ್ರಿಯೆಲ್ಲ ತೆಗೆದುಕೊಂಡು ಇಳಿಯುತ್ತದೆ.